ಸಾವಿನ ಸುದ್ದಿ ಹೇಳೋಕೆ ನಾಲ್ಕು ಜನ ಬೇಕು

ನಮ್ಮ ಮನೆ ಇರೋದು ಧಾರವಾಡದ ಸಪ್ತಾಪುರದಲ್ಲಿ. ಸಪ್ತಾಪುರ ಅಂದಮೇಲೆ ನಿಮಗೆ ಗೊತ್ತೇ ಇದೆ, ಓಣಿಗೊಂದು ಕೋಚಿಂಗ್ ಕ್ಲಾಸ್, ಮನೆಗೊಂದು ಪಿಜಿ. ನಾವೂ ಮಾಳಿಗೆ ಮೇಲಿನ ಎರಡು ಖೋಲಿಗಳನ್ನು ಮೊದಲಿಂದ ಓದುವ ಹುಡುಗರಿಗೇ ಬಾಡಿಗೆ ಕೊಡುತ್ತಾ ಬಂದಿದ್ದೇವೆ. ಈಗ ಇರುವ ಇಬ್ಬರು ಇಥಿಯೋಪಿಯಾದವರು. ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ನಾನು ಹುಡುಗರು ಅಂತ ಕರೆದರೂ ಮೂವತ್ತು ದಾಟಿದವರು, ತಮ್ಮ ದೇಶದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಮಾಸ್ತರುಗಳು. ಒಬ್ಬನಿಗೆ ಊರಲ್ಲಿ ಹೆಂಡತಿ, ಸಣ್ಣ ಮಗಳು ಇದ್ದಾರೆ.

ಮನೆ ಕೊಡುವಾಗ ನಮ್ಮ ಮನೆಯವರು ಮೊದಲೇ ಹೇಳಿದ್ದರು, ಇದು ಲಿಂಗಾಯತರ ಓಣಿ, ಮಾಂಸದ ಅಡುಗೆ ಮನೆಯೊಳಗೆ ಬೇಡ ಅಂತ. ಅವರು ಒಂದೇ ಮಾತಿಗೆ ಒಪ್ಪಿದರು. ಆಮೇಲೆ ಗೊತ್ತಾಯಿತು, ಅವರು ಆರ್ಥಡಾಕ್ಸ್ ಕ್ರೈಸ್ತರು, ಬುಧವಾರ ಶುಕ್ರವಾರ ಮಾಂಸ ಇರಲಿ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಈಸ್ಟರ್‌ಗೆ ಮುಂಚೆಯಂತೂ 55 ದಿನ ಹಾಗೆಯೇ. ಆ ದಿನಗಳಲ್ಲಿ ನಾನು ಮಜ್ಜಿಗೆ ಕೊಟ್ಟರೂ ಕೈಮುಗಿದು ಬೇಡ ಅನ್ನುತ್ತಾರೆ. ಬರೀ ಕಾಳು, ಬೇಳೆ, ಪಲ್ಯ.

ಅವರ ನಿತ್ಯದ ಊಟ ಇಂಜೆರಾ. ಟೆಫ್ ಅಂತ ಒಂದು ಸಣ್ಣ ಕಾಳು, ಹೆಚ್ಚುಕಡಿಮೆ ಗಸಗಸೆಯಷ್ಟೇ. ಅದರ ಹಿಟ್ಟನ್ನು ನೀರಲ್ಲಿ ಕಲಸಿ ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಆಮೇಲೆ ಅಗಲವಾದ ಹಂಚಿನ ಮೇಲೆ ಹೊಯ್ದು, ಮುಚ್ಚಿ, ಒಂದೇ ಬದಿ ಬೇಯಿಸುತ್ತಾರೆ. ಮೇಲೆಲ್ಲ ಒತ್ತೊತ್ತಾಗಿ ಕಣ್ಣು ಬೀಳಬೇಕು. ಕಣ್ಣು ಬೀಳದಿದ್ದರೆ ಅದು ಇಂಜೆರಾನೇ ಅಲ್ಲವಂತೆ. ಧಾರವಾಡದಲ್ಲಿ ಟೆಫ್ ಎಲ್ಲಿ ಸಿಗಬೇಕು? ಜೋಳದ ಹಿಟ್ಟಿಗೆ ಸ್ವಲ್ಪ ಮೈದಾ ಸೇರಿಸಿ ಮಾಡಿಕೊಳ್ಳುತ್ತಾರೆ. ಅವರ ದೇಶದಲ್ಲೂ ಕೆಲವು ಕಡೆ ಜೋಳದ್ದೇ ಮಾಡುತ್ತಾರಂತೆ. ಮೊದಲ ಸಲ ನನ್ನ ದೋಸೆ ಹಂಚು ಕೇಳಿಕೊಂಡು ಹೋದವರು ಅದನ್ನು ವಾಪಸ್ ಕೊಡಲೇ ಇಲ್ಲ, ನಾನೂ ಕೇಳಲಿಲ್ಲ.

ಒಂದು ದಿನ ಗುರೆಳ್ಳು ಚಟ್ನಿಪುಡಿ ಕೊಟ್ಟೆ. ಹೆಂಡತಿ ಮಗಳು ಇರುವ ಹುಡುಗ ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿದವನೇ ಕಣ್ಣರಳಿಸಿ, 'ಕಾಕು, ಇದು ನಮ್ಮ ನೂಗ್' ಅಂದ. ಗುರೆಳ್ಳಿನ ಮೂಲ ಇಥಿಯೋಪಿಯಾ ಅಂತ ನನಗೆ ಆವತ್ತೇ ತಿಳಿದದ್ದು. ಅದರ ಶಾಸ್ತ್ರೀಯ ಹೆಸರಲ್ಲೇ ಅಬಿಸಿನಿಕಾ ಅಂತಿದೆ, ಅಬಿಸಿನಿಯಾ ಅಂದರೆ ಆ ದೇಶದ ಹಳೇ ಹೆಸರು. ಅಲ್ಲಿ ಅದರಿಂದ ಅಡುಗೆ ಎಣ್ಣೆ ತೆಗೆಯುತ್ತಾರೆ. ಜೋಳ ಕೂಡ ಆ ಸೀಮೆಯಿಂದಲೇ, ಸುಡಾನ್ ಇಥಿಯೋಪಿಯಾ ಕಡೆಯಿಂದಲೇ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು. ರೊಟ್ಟಿ ಮೇಲೆ ಗುರೆಳ್ಳು ಚಟ್ನಿ ಹಾಕಿಕೊಂಡು ಇದು ಅಪ್ಪಟ ನಮ್ಮದು ಅಂತ ತಿನ್ನುವವರು ನಾವು! ಆವತ್ತಿನಿಂದ ಅವರ ಮೇಲೆ ನನಗೆ ಒಂಥರಾ ಬಳಗದ ಪ್ರೀತಿ.

ಭಾನುವಾರ ಮಧ್ಯಾಹ್ನ ಕಾಫಿ. ಚಿಕ್ಕಮಗಳೂರಿನ ಹಸಿ ಬೀಜ ತಂದು, ಬಾಣಲೆಯಲ್ಲಿ ಕಪ್ಪಗೆ ಹುರಿಯುತ್ತಾರೆ. ಹೊಗೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೆ ಬರುತ್ತದೆ. ಲೋಬಾನ ಹಾಕುತ್ತಾರೆ, ಮಣ್ಣಿನ ಹೂಜಿಯಲ್ಲಿ ಕಾಫಿ ಕುದಿಸುತ್ತಾರೆ, ಹಿಡಿಕೆ ಇಲ್ಲದ ಸಣ್ಣ ಬಟ್ಟಲಲ್ಲಿ ಮೂರು ಸುತ್ತು ಕೊಡುತ್ತಾರೆ. ಮೂರನೇ ಸುತ್ತಿನ ತನಕ ಏಳುವ ಹಾಗಿಲ್ಲ. ಆ ಹೊತ್ತಿಗೆ ಗೋಡೆಗೆ ಒರಗಿಸಿದ ಫೋನಿನಲ್ಲಿ ಒಬ್ಬೊಬ್ಬರೇ ಬರುತ್ತಾರೆ. ಒಬ್ಬ ವಾಷಿಂಗ್ಟನ್‌ನಲ್ಲಿ ಟ್ಯಾಕ್ಸಿ ಓಡಿಸುವ ಅಣ್ಣ, ಅವನಿಗೆ ಆಗ ನಸುಕು. ಮಿನಿಯಾಪೊಲಿಸ್‌ನಲ್ಲಿ ನರ್ಸ್ ಆಗಿರುವ ಒಬ್ಬ ಹೆಣ್ಣುಮಗಳು. ಬೆಂಗಳೂರಿನ ಗೆಳೆಯರು. ಅಡಿಸ್ ಅಬಾಬಾದ ಮನೆಯವರು, ಅಲ್ಲಿ ನಮಗಿಂತ ಎರಡೂವರೆ ತಾಸು ಹಿಂದೆ. ನನಗೂ ಅವರೆಲ್ಲ ಪರಿಚಯ ಆಗಿಬಿಟ್ಟಿದ್ದಾರೆ.

ಇಷ್ಟೊಂದು ದೇಶಕ್ಕೆ ಹೇಗೆ ಚದುರಿದಿರಿ ಅಂತ ಒಮ್ಮೆ ಕೇಳಿದೆ. 1974ರಲ್ಲಿ ಅವರ ದೊರೆ ಹೈಲೆ ಸೆಲಾಸಿಯನ್ನು ಸೈನ್ಯ ಕೆಳಗಿಳಿಸಿತು. ಆಮೇಲೆ 1991ರ ತನಕ ಆಳಿದವರು ಓದಿದ ಹುಡುಗರನ್ನು ಬೀದಿಬೀದಿಯಲ್ಲಿ ಕೊಂದರು. ನಡುವೆ 1984ರ ಬರಗಾಲ. ಜನ ಕಾಲ್ನಡಿಗೆಯಲ್ಲಿ ಸುಡಾನ್ ಗಡಿ ದಾಟಿ, ಅಲ್ಲಿಂದ ಅಮೆರಿಕ, ಕೆನಡಾ, ಸ್ವೀಡನ್ ಸೇರಿದರು. ಅಮೆರಿಕದಲ್ಲಿ ವಾಷಿಂಗ್ಟನ್ ಸುತ್ತಮುತ್ತಲೇ ಅವರ ಜನ ಜಾಸ್ತಿ. ಈಚೆಗೆ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಬೈರೂತ್, ರಿಯಾದ್, ದುಬೈಗೆ ಹೋಗುತ್ತಾರೆ. ಹೆಂಡತಿ ಮಗಳು ಇರುವ ಹುಡುಗನ ಅಕ್ಕನೂ ಬೈರೂತ್‌ನಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರದ ಕಾಫಿಗೆ ಆಕೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಫೋನ್ ಕೊಡುವುದು ಬಿಡುವುದು ಆ ಮನೆಯ ಯಜಮಾನಿಯ ಮರ್ಜಿ.

ಇವರು ಫೋನಿನಲ್ಲೇ ಭಿಶಿ ನಡೆಸುತ್ತಾರೆ. ಇಕುಬ್ ಅನ್ನುತ್ತಾರೆ. ನಮ್ಮ ಓಣಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ ಚೀಟಿ ಎತ್ತುವ ಭಿಶಿ ಇದೆಯಲ್ಲ, ಅದೇ. ಇನ್ನೊಂದು ಇದಿರ್ ಅಂತ ಇದೆ, ಅದು ಸಾವಿಗಾಗಿಯೇ ಇರುವ ಸಂಘ. ತಿಂಗಳು ತಿಂಗಳು ಇಷ್ಟು ಅಂತ ಎಲ್ಲರೂ ಹಣ ಹಾಕುತ್ತಾರೆ. ಸಂಘಕ್ಕೆ ತನ್ನದೇ ಡೇರೆ, ಬೆಂಚು, ದೊಡ್ಡ ಪಾತ್ರೆಗಳು ಇರುತ್ತವೆ. ಯಾರ ಮನೆಯಲ್ಲಿ ಸಾವಾದರೂ ಡೇರೆ ಹಾಕಿ, ಅಡುಗೆ ಮಾಡಿ, ದಿನಗಟ್ಟಲೆ ಆ ಮನೆಯವರ ಜೊತೆ ಕೂತಿರುತ್ತಾರೆ. ಹಿಂದೆ ಒಬ್ಬ ಆಳು ಬೆಳಗಿನ ಜಾವ ತುತ್ತೂರಿ ಊದಿಕೊಂಡು ಬೀದಿಯಲ್ಲಿ ಸಾರುತ್ತಿದ್ದನಂತೆ. ಅಮೆರಿಕಕ್ಕೆ ಹೋದವರೂ ಇದಿರ್ ಬಿಟ್ಟಿಲ್ಲ. ಅಲ್ಲಿ ತೀರಿಕೊಂಡವರನ್ನು ಊರಿಗೆ ಕಳಿಸುವ ಖರ್ಚು ಸಣ್ಣದೇ? ಅದನ್ನೆಲ್ಲ ಸಂಘವೇ ಹೊರುತ್ತದೆ.

ಇದನ್ನೆಲ್ಲ ಕೇಳಿ ಮಾತ್ರ ಗೊತ್ತಿತ್ತು. ಹೋದ ವರ್ಷ ಮಳೆಗಾಲದಲ್ಲಿ ಕಣ್ಣಾರೆ ನೋಡಬೇಕಾಯಿತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್ನೊಬ್ಬ ಹುಡುಗ, ಅಂದರೆ ಅವನ ಜೊತೆಗಾರ, ಕೆಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. 'ಕಾಕು, ಒಂದು ಸಹಾಯ. ಈಗಿಂದೀಗಲೇ ವೈಫೈ ಬಂದ್ ಮಾಡ್ತೀರಾ?' ಅಂದ. ಯಾಕೆ ಅಂದೆ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದ. ಮೇಲಿರುವ ಹುಡುಗನ ಅಪ್ಪ ಆ ದಿನ ಬೆಳಿಗ್ಗೆ ತೀರಿಕೊಂಡಿದ್ದರು. ಸುದ್ದಿ ಅಡಿಸ್‌ನಿಂದ ವಾಷಿಂಗ್ಟನ್ ಅಣ್ಣನಿಗೆ ಹೋಗಿತ್ತು, ಅಣ್ಣನಿಂದ ಇವನಿಗೆ ಬಂದಿತ್ತು. ಮಗನಿಗೆ ಮಾತ್ರ ಗೊತ್ತಿಲ್ಲ.

ನಾನು ಹಾಗೇ ಕುರ್ಚಿ ಮೇಲೆ ಕೂತೆ. ಅಪ್ಪ ಸತ್ತದ್ದನ್ನು ಮಗನಿಗೆ ಹೇಳದೆ ಇಟ್ಟುಕೊಳ್ಳುವುದೇ? ಮಣ್ಣಿಗೆ ಹೋಗಬೇಕಲ್ಲವಾ ಅವನು? ಹಾಗಂತ ಕೇಳಿಯೇಬಿಟ್ಟೆ. ಅಲ್ಲಿ ಮಣ್ಣು ಬೇಗ ಮಾಡುತ್ತಾರೆ, ಧಾರವಾಡದಿಂದ ಎಷ್ಟು ಓಡಿದರೂ ಅವನು ಮುಟ್ಟುವುದಿಲ್ಲ ಅಂದ. ಮುಟ್ಟದವನಿಗೆ ರಾತ್ರಿ ಹೊತ್ತಲ್ಲಿ ಒಂಟಿಯಾಗಿ ಹೇಳಬಾರದು. ಅವರಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಹತ್ತಿರದವರು, ಹಿರಿಯರು ಸೇರಿ ನಸುಕಿನಲ್ಲಿ ಮನೆಗೆ ಹೋಗಿ ಹೇಳಬೇಕು. ಅದಕ್ಕೆ ಮೆರ್ಡೊ ಅಂತ ಹೆಸರು. ದೇಶ ಬಿಟ್ಟು ಹೋದವರಿಗೂ ಅದೇ ಪದ್ಧತಿ. ಊರಿನವರು ಅವನ ಗೆಳೆಯರನ್ನು ಹುಡುಕಿ ಫೋನ್ ಮಾಡುತ್ತಾರೆ, ಗೆಳೆಯರು ಸೇರಿ ಮನೆಗೆ ಹೋಗುತ್ತಾರೆ.

ಮೊದಲು ಇದು ಸುಲಭ ಇದ್ದಿರಬಹುದು. ಈಗ ಎಲ್ಲರ ಜೇಬಿನಲ್ಲಿ ಫೋನು, ಇಥಿಯೋಪಿಯಾದವರಿಗಂತೂ ಟೆಲಿಗ್ರಾಂ ಆ್ಯಪ್ ಅಂದರೆ ಪ್ರಾಣ. ಫೇಸ್‌ಬುಕ್ ಬೇರೆ. ವಾಷಿಂಗ್ಟನ್ ಅಣ್ಣ ಆ ದಿನ ಟ್ಯಾಕ್ಸಿ ತೆಗೆಯಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ, ಧಾರವಾಡದಲ್ಲಿರುವವನಿಗೆ ಇನ್ನೂ ಗೊತ್ತಿಲ್ಲ, ಯಾರೂ ಏನೂ ಹಾಕಬೇಡಿ, ಅಂತ ಹೇಳುತ್ತಾ ಕೂತ. ಸೋದರ ಸೊಸೆಯೊಬ್ಬಳು ಅಷ್ಟರಲ್ಲೇ ಮೇಣದಬತ್ತಿಯ ಫೋಟೋ ಹಾಕಿದ್ದಳು, ಅದನ್ನು ತೆಗೆಸಿದ. ಇಲ್ಲಿ ಈ ಹುಡುಗ, ನನ್ನ ಫೋನ್ ಕೆಟ್ಟಿದೆ, ಮನೆಗೆ ಮಾತಾಡಬೇಕು, ನಿನ್ನದು ಕೊಡು ಅಂತ ಅವನ ಫೋನ್ ಇಸಿದುಕೊಂಡು ಬಂದಿದ್ದ. ಲ್ಯಾಪ್‌ಟಾಪ್ ಒಂದು ಉಳಿದಿತ್ತು. ಅದಕ್ಕೇ ವೈಫೈ. ನಾನು ಎದ್ದು ರೌಟರ್ ವೈರು ಕಿತ್ತೆ. ಅರ್ಧ ತಾಸಿಗೆ ಮೇಲಿನಿಂದ ಅವನೇ ಕೂಗಿದ, 'ಕಾಕು, ನೆಟ್ ಬಂದಿಲ್ಲ.' 'ಮಳಿಗೆ ಹೋಗೇತಪಾ, ನಾಳೆ ಬರ್ತದ' ಅಂದೆ. ಅಂದಮೇಲೆ ಒಳಗೆ ಬಂದು ಅತ್ತೆ.

'ನಾಳೆ ಬೆಳಿಗ್ಗೆ ಹನ್ನೆರಡಕ್ಕೆ ಮೇಲೆ ಹೋಗೋಣ, ನೀವೂ ಬರಬೇಕು' ಅಂತ ಜೊತೆಗಾರ ಹೇಳಿ ಹೋಗಿದ್ದ. ಅವರ ಗಡಿಯಾರ ಬೆಳಗಾದ ಮೇಲೆ ಶುರು, ನಮ್ಮ ಆರು ಅಂದರೆ ಅವರ ಹನ್ನೆರಡು. ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ನಾಲ್ಕು ಜನ ಹೊರಟರು. ನಸುಕಿನಲ್ಲಿ ಟೋಲ್ ನಾಕಾದಲ್ಲಿ ಇಳಿದು ಆಟೋ ಮಾಡಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಕೂತರು. ನಾನು ಚಹಾ ಮಾಡಿದೆ, ಯಾರೂ ಕುಡಿಯಲಿಲ್ಲ.

ಅವರಲ್ಲಿ ಒಬ್ಬ ಇಥಿಯೋಪಿಯಾದ ಉತ್ತರಕ್ಕಿರುವ ಮೇಕೆಲೆ ಊರಿನವನು. ಅವನ ವಿಷಯ ಇಲ್ಲಿ ಹೇಳಲೇಬೇಕು. ಅವರ ಟಿಗ್ರಾಯ್ ಸೀಮೆಯಲ್ಲಿ 2020ರ ನವೆಂಬರ್‌ನಲ್ಲಿ ಅಲ್ಲಿನವರಿಗೂ ದೇಶದ ಸರ್ಕಾರಕ್ಕೂ ಯುದ್ಧ ಶುರುವಾಯಿತು, 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾದಲ್ಲಿ ಒಪ್ಪಂದ ಆಯಿತು. ನಡುವಿನ ಕಾಲದಲ್ಲಿ ಬಹುತೇಕ ದಿನ ಅಲ್ಲಿ ಫೋನ್ ಇಲ್ಲ, ಇಂಟರ್ನೆಟ್ ಇಲ್ಲ, ಬ್ಯಾಂಕ್ ಇಲ್ಲ. ಹೊರದೇಶದಲ್ಲಿದ್ದ ಟಿಗ್ರಾಯ್ ಜನರಿಗೆ ಮನೆಯವರು ಬದುಕಿದ್ದಾರಾ ಇಲ್ಲವಾ ಅಂತಲೂ ಗೊತ್ತಿರಲಿಲ್ಲ. ಫೋನ್ ಮತ್ತೆ ಬಂದಾಗ ಎಷ್ಟೋ ಜನ ತಿಂಗಳುಗಟ್ಟಲೆ ಹಿಂದಿನ ಸಾವುಗಳನ್ನು ಒಟ್ಟಿಗೇ ಕೇಳಿದರು. ಇವನೂ ಅಜ್ಜಿ ಮತ್ತು ಚಿಕ್ಕಪ್ಪ ಇಬ್ಬರೂ ಇಲ್ಲ ಅನ್ನುವುದನ್ನು ಒಂದೇ ಫೋನ್‌ನಲ್ಲಿ ಕೇಳಿದವನು. ಆ ಯುದ್ಧದ ಕಾಲದಲ್ಲಿ ಇಥಿಯೋಪಿಯಾದವರ ಗ್ರೂಪುಗಳಲ್ಲಿ ಒಬ್ಬರಿಗೊಬ್ಬರು ಆಡಬಾರದ ಮಾತು ಆಡಿದ್ದರು. ಇವನೂ, ನಮ್ಮ ಮೇಲಿನ ಹುಡುಗನೂ ಮಾತು ಬಿಟ್ಟು ಬಹಳ ಕಾಲ ಆಗಿತ್ತಂತೆ. ಭಾನುವಾರದ ಕಾಫಿಯಲ್ಲಿ ಅವನ ಮುಖ ನಾನು ನೋಡಿರಲೇ ಇಲ್ಲ. ಆದರೂ ಆ ರಾತ್ರಿ ಬಸ್ಸಿಗೆ ಮೊದಲು ಟಿಕೆಟ್ ತೆಗೆಸಿದವನು ಅವನೇ.

ಆರಕ್ಕೆ ಮೆಟ್ಟಿಲು ಹತ್ತಿದೆವು. ಎಲ್ಲರಿಗಿಂತ ಮುಂದೆ ವಯಸ್ಸಾದವರು, ಬೆಂಗಳೂರಿನಲ್ಲಿ ಓದುತ್ತಿರುವ ಒಬ್ಬ ಹಿರಿಯ ಮಾಸ್ತರು. ಅವರ ಹಿಂದೆ ನಾನು. ಬಾಗಿಲು ಬಡಿದರು. ಹುಡುಗ ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡು ಬಾಗಿಲು ತೆಗೆದ. ಮೊದಲು ಹಿರಿಯರನ್ನು ನೋಡಿದ, ಆಮೇಲೆ ನನ್ನನ್ನು, ಆಮೇಲೆ ಮೆಟ್ಟಿಲ ಮೇಲೆ ಸಾಲಾಗಿ ನಿಂತವರನ್ನು. ಮೇಕೆಲೆಯವನ ಮೇಲೆ ಕಣ್ಣು ನಿಂತಿತು. ಯಾರೂ ಇನ್ನೂ ಏನೂ ಅಂದಿರಲಿಲ್ಲ. 'ಯಾರು?' ಅಂತ ಅವರ ಭಾಷೆಯಲ್ಲಿ ಕೇಳಿದ. ಹಿರಿಯರು ಎರಡು ಮಾತು ಹೇಳಿದರು. ಅವನು ಕುಸಿಯುವುದಕ್ಕೂ ನಾಲ್ಕು ಕೈ ಅವನನ್ನು ಹಿಡಿಯುವುದಕ್ಕೂ ಸರಿಹೋಯಿತು.

ಜೋರಾಗಿ ಅತ್ತ. ಅವರು ತಡೆಯಲಿಲ್ಲ, ಸಮಾಧಾನ ಮಾಡಿಕೋ ಅನ್ನಲಿಲ್ಲ, ತಾವೂ ಜೊತೆಗೆ ಅತ್ತರು. ನಮ್ಮಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೇ ಅಪ್ಪನ ಗುಣಗಳನ್ನು ಹೇಳಿ ಹೇಳಿ ಅತ್ತರು. ಓಣಿಯವರು ಹೊರಗೆ ಬಂದು ನಿಂತರು. ವಿಷಯ ತಿಳಿದ ಮೇಲೆ ಎದುರು ಮನೆಯವರು ರೊಟ್ಟಿ ಪಲ್ಯ ಕಳಿಸಿದರು, ಪಕ್ಕದವರು ಅನ್ನ ಸಾರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅನ್ನುವುದನ್ನು ನಮ್ಮ ಓಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ಪಾಠ ಹೇಳುವ ಪ್ರೊಫೆಸರ್ ಬಂದು ಚಾಪೆಯ ಮೇಲೆ ಕೂತು ಹೋದರು. ಬೆಂಗಳೂರಿನವರು ಮೂರು ದಿನ ಅಲ್ಲೇ ಮಲಗಿದರು. ಮೇಕೆಲೆಯವನು ಪಾತ್ರೆ ತೊಳೆಯುತ್ತಿದ್ದ, ನನ್ನಿಂದ ಹಂಚು ತಿಕ್ಕುವ ನಾರು ಇಸಿದುಕೊಂಡು.

ಬೈರೂತ್‌ನ ಅಕ್ಕನದೇ ದೊಡ್ಡ ಚಿಂತೆ ಆಗಿತ್ತು. ಆಕೆ ಒಬ್ಬಳೇ, ಬೇರೆಯವರ ಮನೆಯಲ್ಲಿ. ಅಲ್ಲಿ ಅಳಲಿಕ್ಕೂ ಜಾಗ ಇಲ್ಲ. ಲೆಬನಾನ್‌ನಲ್ಲಿ ಮನೆಗೆಲಸದವರ ಸ್ಥಿತಿ ನಿಮಗೂ ಗೊತ್ತಿರಬಹುದು, 2020ರ ಜೂನ್‌ನಲ್ಲಿ ಹಣದ ಮುಗ್ಗಟ್ಟು ಬಂದಾಗ ಯಜಮಾನರು ಎಷ್ಟೋ ಇಥಿಯೋಪಿಯಾ ಹೆಣ್ಣುಮಕ್ಕಳನ್ನು ಗಂಟುಮೂಟೆ ಸಮೇತ ಅವರ ದೇಶದ ಕಾನ್ಸುಲೇಟ್ ಮುಂದೆ ಬಿಟ್ಟು ಹೋದರು. ಈ ಅಕ್ಕನಿಗೆ ಭಾನುವಾರ ಚರ್ಚಿಗೆ ಹೋಗಲು ಬಿಡುತ್ತಿದ್ದರು. ಹಾಗಾಗಿ ಭಾನುವಾರದ ತನಕ ಕಾದರು. ಅಪ್ಪನನ್ನು ಕಳೆದುಕೊಂಡ ತಮ್ಮ, ಬುಧವಾರ ಆಕೆ ಫೋನ್ ಮಾಡಿದಾಗ, ಗಂಟಲು ಸರಿಯಿಲ್ಲ ನೆಗಡಿ ಅಂತ ಹೇಳಿ ಮಾತಾಡಿದ. ನಾನು ಪಕ್ಕದಲ್ಲೇ ಇದ್ದೆ. ಭಾನುವಾರ ಚರ್ಚಿನ ಅಂಗಳದಲ್ಲಿ ಅಲ್ಲಿನ ಹೆಣ್ಣುಮಕ್ಕಳೆಲ್ಲ ಸುತ್ತುವರಿದು ಆಕೆಗೆ ಹೇಳಿದರು. ಸಂಜೆ ಯಜಮಾನಿಯ ಮನೆಗೆ ಆಕೆಯನ್ನು ಬಿಡಲು ಇಬ್ಬರು ಹೋದರಂತೆ.

ಇದನ್ನೆಲ್ಲ ನಾನು ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದರೆ, ನಮ್ಮ ಅಣ್ಣ ಹೋದ ಸುದ್ದಿ ನನಗೆ ಸಿಕ್ಕಿದ್ದು ಚಿಗರಿ ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ವಾಪಸ್ ಬರುತ್ತಿದ್ದೆ. ಉಣಕಲ್ ದಾಟಿತ್ತು. ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಅಣ್ಣನ ಫೋಟೋಕ್ಕೆ ಹಾರ ಹಾಕಿ, ದೀಪ ಇಟ್ಟು, 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ಬಂತು. ಕೆಳಗೆ ಟಪಟಪ ಅಂತ ಕೈಮುಗಿದ ಚಿತ್ರಗಳು. ನಮ್ಮ ಅತ್ತಿಗೆ ಇನ್ನೂ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಕಳಿಸಿದವರು ದೂರದ ಸಂಬಂಧಿಕರು, ಕೆಟ್ಟ ಮನಸ್ಸಿನಿಂದ ಕಳಿಸಿದವರಲ್ಲ. ಆದರೆ ನನ್ನ ಪಕ್ಕ ಕೂತಿದ್ದ ಗುರುತಿಲ್ಲದ ಕಾಲೇಜು ಹುಡುಗಿ ನನ್ನ ಕೈ ಹಿಡಿದು ನವನಗರದ ಸ್ಟಾಪಿನಲ್ಲಿ ಇಳಿಸಿ ನೀರು ಕುಡಿಸಿದಳು. ಆ ಹುಡುಗಿ ಇರದಿದ್ದರೆ?

ನಮ್ಮಲ್ಲೂ ಮೊದಲು ಹೀಗಿರಲಿಲ್ಲ. ನಮ್ಮ ತವರು ಅಣ್ಣಿಗೇರಿ ಹತ್ತಿರದ ಹಳ್ಳಿ. ಸುದ್ದಿ ಹೇಳೋಕೆ ಆಳು ಸೈಕಲ್ ಹೊಡೆದುಕೊಂಡು ಬರುತ್ತಿದ್ದ. ಬಂದವನು ನೇರ ಹೇಳುತ್ತಿರಲಿಲ್ಲ. 'ಅಜ್ಜಗ ಭಾಳ ಆರಾಮಿಲ್ರೀ, ಕರಕೊಂಡು ಬಾ ಅಂದಾರ' ಅನ್ನುತ್ತಿದ್ದ. ಮನೆಯ ಗಂಡಸರಿಗೆ ಅರ್ಥ ಆಗುತ್ತಿತ್ತು. ಅವ್ವನನ್ನು ಗಾಡಿಯಲ್ಲಿ ಕೂರಿಸಿಕೊಂಡು, ಜೊತೆಗೆ ನೆರೆಯ ಹೆಂಗಸೊಬ್ಬಳನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಟೆಲಿಗ್ರಾಂ ಬಂದರೂ ಅಂಚೆಯವನು ಮೊದಲು ಪಕ್ಕದ ಮನೆಯಲ್ಲಿ ವಿಚಾರಿಸಿ ಆಮೇಲೆ ಕೊಡುತ್ತಿದ್ದ. ಆ ತಂತಿ ಸೇವೆಯೂ 2013ರಲ್ಲಿ ನಿಂತುಹೋಯಿತು. ನಮ್ಮ ಕೈಗೆ ಫೋನ್ ಬಂತು, ನಾವು ಆ ಸೈಕಲ್ ಆಳಿನ ಜೊತೆಗೆ ಅವನ ಮರ್ಯಾದೆಯನ್ನೂ ಬಿಟ್ಟೆವು. ಇಥಿಯೋಪಿಯಾದವರ ಕೈಗೂ ಅದೇ ಫೋನ್ ಬಂದಿದೆ. ಅವರು ಅದನ್ನೇ ಹಿಡಿದುಕೊಂಡು ನಾಲ್ಕು ದೇಶದ ಜನರನ್ನು ಒಂದು ರಾತ್ರಿ ಸುಮ್ಮನಿರಿಸಿದರು, ನಾಲ್ಕು ಜನರನ್ನು ಬಸ್ಸು ಹತ್ತಿಸಿದರು.

ಒಂದು ಮಾತು ನಿಜ. ನಮ್ಮಲ್ಲಿ ಮಣ್ಣಿಗೆ ಮುಟ್ಟುವ ದೂರದಲ್ಲಿ ಇರುವವರಿಗೆ ತಡ ಮಾಡಿ ಹೇಳಿದರೆ ಅದು ಅನ್ಯಾಯ. ಬೆಂಗಳೂರಿನಲ್ಲಿರುವ ಮಗನಿಗೆ ರಾತ್ರಿಯೇ ತಿಳಿಯಬೇಕು, ಅವನು ಬರಬೇಕು. ಹಾಗಾಗಿ ಅವರ ಪದ್ಧತಿಯನ್ನು ಹಾಗೇ ಎತ್ತಿ ತರಲು ಆಗುವುದಿಲ್ಲ ಅಂತ ನನಗೂ ಗೊತ್ತು. ಆದರೆ ಬೇಗ ಹೇಳುವುದಕ್ಕೂ ಫೋಟೋಕ್ಕೆ ಹಾರ ಹಾಕಿ ಗ್ರೂಪಿಗೆ ಎಸೆಯುವುದಕ್ಕೂ ಬಹಳ ಅಂತರ ಇದೆ. ಮೊದಲು ಅವನ ಹತ್ತಿರ ಇರುವ ಒಬ್ಬ ಗೆಳೆಯನಿಗೆ ಫೋನ್ ಮಾಡಬಹುದು. ಆ ಗೆಳೆಯ ಅವನ ಕೋಣೆಗೆ ಹೋಗಿ, ಪಕ್ಕದಲ್ಲಿ ಕೂತ ಮೇಲೆ ಹೇಳಬಹುದು. ಅದಕ್ಕೆ ಅರ್ಧ ತಾಸು ಜಾಸ್ತಿ ಹಿಡಿಯಬಹುದು, ಅಷ್ಟೇ ಅಲ್ವಾ?

ನಮ್ಮ ಬಳಗದ ಗ್ರೂಪಿನಲ್ಲಿ ಇದನ್ನು ಬರೆದೆ. ಮನೆಯವರಿಗೆಲ್ಲ ಮುಟ್ಟಿದೆ ಅಂತ ಆ ಮನೆಯವರೇ ಹೇಳುವ ತನಕ ಯಾರೂ ಫೋಟೋ ಹಾಕಬಾರದು, ಅಂತ. ಒಬ್ಬರು, ಈಗಿನ ಕಾಲದಾಗ ಇದೆಲ್ಲ ಆಗೂದಿಲ್ಲ ಬಿಡ್ರಿ ಅಂದರು. ನನ್ನ ತಂಗಿ ಮಾತ್ರ ನನಗಿಂತ ಜೋರಾಗಿ ಉತ್ತರ ಕೊಟ್ಟಳು. ಸದ್ಯಕ್ಕೆ ಎಲ್ಲರೂ ಒಪ್ಪಿದ್ದಾರೆ.

ನಮ್ಮ ಮಗ ಡಲ್ಲಾಸ್‌ನಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ, ನಿನ್ನ ಮನೆಗೆ ಹತ್ತಿರ ಇರುವ ಇಬ್ಬರು ಮೂವರ ನಂಬರ್ ಕಳಿಸು ಅಂದೆ. 'ಯಾಕವ್ವಾ? ಅಪ್ಪ ಆರಾಮದಾನಲ್ಲ?' ಅಂತ ಗಾಬರಿಯಾದ. ಮೇಲಿನ ಹುಡುಗನ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮರುದಿನ ಮೂರು ನಂಬರ್ ಬಂದವು. ಕನ್ನಡ ಸಂಘದಲ್ಲಿ ಪರಿಚಯವಾದ ರಾಣೆಬೆನ್ನೂರಿನ ಒಬ್ಬರು, ಆಫೀಸಿನ ಒಬ್ಬ ತೆಲುಗು ಗೆಳೆಯ, ಮೊಮ್ಮಗಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಮೆಕ್ಸಿಕೋದ ಹೆಂಗಸು. ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತಂಗಿಗೂ ಕೊಟ್ಟಿದ್ದೇನೆ. ನಿಮಗೇನಾದರೂ ಆದರೆ ನಾನು ಮೊದಲು ಯಾರಿಗೆ ಫೋನ್ ಮಾಡಲಿ ಅಂತ ಅವನೂ ಕೇಳಿದ. ಎದುರು ಮನೆಯವರದೂ, ಮೇಲಿನ ಹುಡುಗರದೂ ಕೊಟ್ಟೆ. ಅವರು ಪಿಎಚ್‌ಡಿ ಮುಗಿಸಿ ಹೋದ ಮೇಲೆ ಆ ಜಾಗಕ್ಕೆ ಬೇರೆ ನಂಬರ್ ಹಾಕಬೇಕು.